ಗಟ್ಟಿ ಹಾಲು ಕೇಳುವವರು ಹುಲ್ಲಿನ ಮೂಲೆಯನ್ನೂ ನೋಡಲಿ

"ನೀರು ಹಾಕ್ಬೇಡಪ್ಪ, ನಮ್ಮೆದುರಿಗೇ ಕರ್ಕೊಡು."

ಯಡಿಯೂರು, ಭೈರಸಂದ್ರ, ಸಾರಕ್ಕಿ, ಕದಿರೇನಹಳ್ಳಿಗಳ ಹಳೇ ಓಣಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ದನದ ಕೊಟ್ಟಿಗೆ ಉಳಿದಿದೆ. ಬೆಳಿಗ್ಗೆ ಅದರ ಮುಂದೆ ತಂಬಿಗೆ ಹಿಡಿದು ನಿಲ್ಲುವ ಗಿರಾಕಿಯ ಮಾತು ಇದೊಂದೇ. ಬಕೆಟ್ಟಿನ ತಳ ನೋಡುತ್ತಾರೆ, ನೊರೆ ನೋಡುತ್ತಾರೆ, ಅಳತೆ ನೋಡುತ್ತಾರೆ. ಹಸುವಿನ ಬಾಯಿಗೆ ಏನು ಹೋಗುತ್ತಿದೆ ಅಂತ ಮಾತ್ರ ಯಾರೂ ನೋಡೋದಿಲ್ಲ.

ಚಳಿಗಾಲದಲ್ಲಿ ನೋಡಬೇಕಾದ್ದು ಅದನ್ನೇ. ಕನಕಪುರ, ಮಾಗಡಿ ಕಡೆಯಿಂದ ರಾಗಿ ಹುಲ್ಲು, ಮಂಡ್ಯದ ಕಡೆಯಿಂದ ಭತ್ತದ ಹುಲ್ಲು ಲಾರಿಯಲ್ಲಿ ಬರುತ್ತದೆ. ಕುಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಹುಲ್ಲು ಒದ್ದೆಯಲ್ಲೇ ಕಟ್ಟಾಗುತ್ತದೆ. 2021ರ ನವೆಂಬರಿನಲ್ಲಿ ರಾಗಿ ಹೊಲದಲ್ಲೇ ನೆನೆದು ಮೊಳಕೆ ಬಂದದ್ದು ಮರೆಯುವಂಥದ್ದಲ್ಲ.

ಹಳ್ಳಿಯಲ್ಲಾದರೆ ಬಣವೆ ಉಂಟು. ಅಡಿಗೆ ಕಲ್ಲು, ಮೇಲೆ ಗೋಪುರದ ಹಾಗೆ ತಲೆ, ಬಿದ್ದ ನೀರು ಜಾರಿ ಹೋಗಬೇಕು. 30ಕ್ಕೆ 40ರ ಸೈಟಿನಲ್ಲಿ ಬಣವೆ ಎಲ್ಲಿ ಹಾಕೋದು? ಮೆಟ್ಟಿಲ ಕೆಳಗೆ, ಶೀಟಿನ ಅಡಿಗೆ, ಗೋಡೆಗೆ ಒತ್ತಿ ತುರುಕಿ ಟಾರ್ಪಾಲು ಹೊದಿಸುತ್ತಾರೆ. ದನದ ಉಸಿರು, ಗಂಜಲದ ಹಬೆ, ಹುಲ್ಲಿನ ಪಸೆ ಎಲ್ಲಾ ಮೇಲೇರಿ ರಾತ್ರಿ ತಣ್ಣಗಾದ ಶೀಟಿಗೆ ತಗುಲಿ ತೊಟ್ಟಿಕ್ಕುತ್ತದೆ. ಮಳೆ ನಿಂತರೂ ಹುಲ್ಲಿಗೆ ಮಳೆ ತಪ್ಪಲಿಲ್ಲ! ಡಿಸೆಂಬರಿನಲ್ಲಿ ಕಟ್ಟು ಬಿಚ್ಚಿದರೆ ಒಳಗೆ ಬಿಳಿ, ಹಸಿರು, ಕರಿ ಬೂಷ್ಟು, ಮುಗ್ಗಿದ ವಾಸನೆ.

ದುಡ್ಡು ಕೊಟ್ಟು ತಂದ ಹುಲ್ಲು, ಎಸೆಯಲು ಮನಸ್ಸು ಬರೋದಿಲ್ಲ. ಬಿಸಿಲಿಗೆ ಹಾಕಿ, ಕೊಡವಿ, ಒಳ್ಳೇ ಹುಲ್ಲಿನ ಜೊತೆ ಬೆರೆಸಿ ಹಾಕುತ್ತಾರೆ. ಬಿಸಿಲಿಗೆ ಪಸೆ ಆರುತ್ತದೆ ನಿಜ, ಬೂಷ್ಟು ಬಿಟ್ಟ ವಿಷ ಆರೋದಿಲ್ಲ. ಪಂಜಾಬಿನ ಕಡೆ ಚಳಿಗಾಲದಲ್ಲಿ ಮುಗ್ಗಿದ ಭತ್ತದ ಹುಲ್ಲು ತಿಂದ ಎಮ್ಮೆಗಳ ಕಿವಿ, ಬಾಲ, ಕಾಲು ಕೊಳೆತು ಉದುರುವ ರೋಗವುಂಟು. ಡೆಗ್ನಾಲಾ ಎಂದು ಅದಕ್ಕೆ ಹೆಸರು. ಹುಲ್ಲು ಕೊಡವುವ ಮನುಷ್ಯನಿಗೂ ಸುಖವಿಲ್ಲ. ಆ ಧೂಳು ವರ್ಷಗಟ್ಟಲೆ ಕುಡಿದವನ ಶ್ವಾಸಕೋಶ ಗಟ್ಟಿಯಾಗುತ್ತದೆ. ವೈದ್ಯರು ಇದನ್ನು 'ರೈತನ ಶ್ವಾಸಕೋಶ' ಎಂದೇ ಕರೆಯುತ್ತಾರೆ. ನಮ್ಮವರು 'ಚಳಿಗೆ ಕೆಮ್ಮು' ಅಂತ ಸುಮ್ಮನಾಗುತ್ತಾರೆ.

ಇನ್ನು ಹಾಲಿನ ವಿಷಯ. ಬೂಷ್ಟಿನ ವಿಷಗಳಲ್ಲಿ ಅಫ್ಲಟಾಕ್ಸಿನ್ ಎನ್ನುವುದು ಹಾಲಿಗೂ ಇಳಿಯುತ್ತದೆ. ಹುಲ್ಲಿಗಿಂತ ಮುಗ್ಗಿದ ಕಡಲೆಕಾಯಿ ಹಿಂಡಿ, ಹತ್ತಿ ಬೀಜದ ಹಿಂಡಿ, ಜೋಳದಲ್ಲಿ ಇದರ ಕಾಟ ಹೆಚ್ಚು. ಆದರೆ ಹಿಂಡಿ ಚೀಲ ಇಡುವುದೂ ಅದೇ ಒದ್ದೆ ಮೂಲೆಯಲ್ಲಿ ತಾನೆ? ಕಾಯಿಸಿದರೆ ಈ ವಿಷ ಹೋಗೋದಿಲ್ಲ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ತೆಗೆಸಿತು. ಆರೋಗ್ಯಕ್ಕೆ ಕೇಡಾಗುವಂಥ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಅಫ್ಲಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ! ಗಿರಾಕಿಗಳು ಅನುಮಾನದ ಕಣ್ಣನ್ನು ಎಲ್ಲಿಡಬೇಕು ಅನ್ನುವುದಕ್ಕೆ ಬೇರೆ ಲೆಕ್ಕ ಬೇಕಿಲ್ಲ. ಕೆಟ್ಟ ಮೇವು ನಿಲ್ಲಿಸಿದರೆ ಮೂರ್ನಾಲ್ಕು ದಿನದಲ್ಲಿ ಹಾಲಿನಲ್ಲಿ ಇದು ಇಳಿದು ಹೋಗುತ್ತದೆ, ಅದೊಂದು ಸಮಾಧಾನ.

ಹೇಳಿಕೊಡುವವರು ದೂರದಲ್ಲಿಲ್ಲ. ಆಡುಗೋಡಿಯಲ್ಲಿ 1923ರಿಂದ ಹೈನುಗಾರಿಕೆಯ ಸರ್ಕಾರಿ ಸಂಸ್ಥೆ ಇದೆ. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ದನ ಸಾಕುವ ಪಾಠ ಕೇಳಿದ್ದರು. ಪ್ರಾಣಿಗಳ ಪೋಷಣೆಗೇ ಮೀಸಲಾದ ಇನ್ನೊಂದು ರಾಷ್ಟ್ರೀಯ ಸಂಸ್ಥೆ 1995ರಲ್ಲಿ ಅಲ್ಲೇ ಶುರುವಾಯಿತು. ಅಲ್ಲಿಂದ ಬಿ.ಟಿ.ಎಂ. ಲೇಔಟ್, ಜಯನಗರ ಎಷ್ಟು ದೂರ? ವಿಜ್ಞಾನಿಗಳು ಚಳಿಗಾಲಕ್ಕೊಮ್ಮೆ ಈ ಓಣಿಗಳಿಗೆ ಇಳಿದು ಬಂದರೆ ಮರ್ಯಾದೆಗೇನೂ ಕಮ್ಮಿಯಾಗದು.

ಅಷ್ಟರೊಳಗೆ ಮನೆಯವರು ಮಾಡಬಹುದಾದ್ದು ಬೇಕಾದಷ್ಟಿದೆ. ಬಿಸಿಲೇರಿದ ಮೇಲೆ ದನ ಹೊರಗೆ ಕಟ್ಟಿ, ಬಾಗಿಲು ಕಿಟಕಿ ತೆಗೆದು, ಮೂಗಿಗೆ ಬಟ್ಟೆ ಕಟ್ಟಿ ಹುಲ್ಲಿಳಿಸಬೇಕು. ಕೊರೋನಾ ಕಾಲದ ಮಾಸ್ಕು ಯಾವ ಮನೇಲಿಲ್ಲ? ಬೂಷ್ಟಿನ ಕಟ್ಟಿಗೆ ನೀರು ಚಿಮುಕಿಸಿದರೆ ಧೂಳೇಳದು. ರಾಶಿಯೊಳಗೆ ಕೈ ಹಾಕಿದಾಗ ಬಿಸಿ ತಗುಲಿದರೆ ಕೂಡಲೇ ಬಿಚ್ಚಬೇಕು, ಒದ್ದೆ ಹುಲ್ಲು ಕಾವೇರಿ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಮೂಲೆ ಗುಡಿಸಿ, ಗೋಡೆಗೆ ಸುಣ್ಣ ಬಳಿದು ಒಣಗಲು ಬಿಡಬೇಕು. ಆಮೇಲೆ ಇಟ್ಟಿಗೆ ಮೇಲೆ ಹಲಗೆ, ಹಲಗೆ ಮೇಲೆ ಹುಲ್ಲು. ಗೋಡೆಗೂ ಶೀಟಿಗೂ ತಗುಲದ ಹಾಗೆ.

ತೆಗೆದ ಬೂಷ್ಟು ಹುಲ್ಲನ್ನು ದನದ ಕಾಲಡಿಗೆ ಹಾಸುವುದೂ ತಪ್ಪು, ಹಸಿದ ದನ ಅದನ್ನೂ ಮೇಯುತ್ತದೆ. ರಸ್ತೆ ಬದಿ ಸುಟ್ಟರೆ ಬಸ್ಸಿಗೆ ಕಾದವರಿಗೆಲ್ಲ ಹೊಗೆ. ಗೊಬ್ಬರದ ಗುಂಡಿಯೇ ಅದಕ್ಕೆ ಜಾಗ. ಗುಂಡಿ ತೋಡಲು ಜಾಗ ಇಲ್ಲದವರು ಏನು ಮಾಡಬೇಕು? ಇಲ್ಲಿ ಪಾಲಿಕೆಯ ಕೆಲಸವಿದೆ. 2025ರಲ್ಲಿ ಒಂದಿದ್ದ ಪಾಲಿಕೆ ಐದಾಯಿತು, ದಕ್ಷಿಣಕ್ಕೇ ಪ್ರತ್ಯೇಕ ಪಾಲಿಕೆ ಬಂತು. ಸಂಕ್ರಾಂತಿಗೆ ಮುಂಚೆ ವಾರಕ್ಕೊಂದು ದಿನ ಈ ಓಣಿಗಳಿಗೆ ಗಾಡಿ ಕಳಿಸಿ ಕೆಟ್ಟ ಹುಲ್ಲು ಎತ್ತಿಸಿದರೆ ಪಾರ್ಕುಗಳಿಗೇ ಗೊಬ್ಬರವಾಗುತ್ತದೆ. ಗಿರಾಕಿಗಳೂ ಅಷ್ಟೆ, ಎರಡು ಕಟ್ಟು ಹುಲ್ಲು ಎಸೆದ ವಾರ ಹಾಲಿನವನು ಲೀಟರಿಗೆ ಒಂದೆರಡು ರೂಪಾಯಿ ಹೆಚ್ಚು ಕೇಳಿದರೆ ಜಗಳ ತೆಗೆಯದೆ ಕೊಡಲಿ.