ಕೇಳಿ ಬರೆಸಿಕೊಂಡ ರಾಜೀನಾಮೆ

ಕೆಲಸ ಕಳೆದುಕೊಂಡವರ ಕೈಗೆ ಎಷ್ಟು ಹಣ ಸೇರುತ್ತದೆ ಎಂಬುದನ್ನು ಅವರು ದುಡಿದ ವರ್ಷಗಳಷ್ಟೇ ನಿರ್ಧರಿಸುವುದಿಲ್ಲ. ಅವರು ಕೆಲಸ ಬಿಟ್ಟದ್ದು ಕಾಗದದಲ್ಲಿ ಏನೆಂದು ದಾಖಲಾಯಿತು ಎಂಬುದೂ ಅಷ್ಟೇ ಮುಖ್ಯ. ಗೋವಾದ ವೆರ್ಣಾ, ಕುಂಡೈ ಕೈಗಾರಿಕಾ ವಸಾಹತುಗಳಲ್ಲಾಗಲಿ, ಬೆಂಗಳೂರಿನ ಸಾಫ್ಟ್‌ವೇರ್ ಪಾರ್ಕಿನಲ್ಲಾಗಲಿ ಎಚ್‌ಆರ್ ವಿಭಾಗದ ಕೊನೆಯ ಮಾತುಕತೆ ಬಹಳ ಸಲ ಈ ಒಂದು ಕಾಗದದ ಸುತ್ತಲೇ ನಡೆಯುತ್ತದೆ. ರಾಜೀನಾಮೆ ಬರೆದುಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತದೆ, ಮುಂದೆ ಬೇರೆ ಕಡೆ ತೊಂದರೆಯಾಗುವುದಿಲ್ಲ ಎಂಬ ಸಮಾಧಾನದ ಮಾತು ಅಲ್ಲಿ ಕೇಳಿಬರುತ್ತದೆ. ಆ ಸಮಾಧಾನಕ್ಕೆ ಬೆಲೆಯಿದೆ, ಅದನ್ನು ತೆರುವವರು ಕಾರ್ಮಿಕರು.

ಸಿಬ್ಬಂದಿ ಹೆಚ್ಚಾಯಿತೆಂದು ತೆಗೆದುಹಾಕುವುದನ್ನು ಕಾನೂನು ರಿಟ್ರೆಂಚ್‌ಮೆಂಟ್ ಎನ್ನುತ್ತದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಇದರ ಷರತ್ತುಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಬಹುಮಟ್ಟಿಗೆ ಉಳಿದಿವೆ: ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ, ಕೊನೆಗೆ ಬಂದವರನ್ನು ಮೊದಲು ಕಳಿಸುವ ಕ್ರಮ. ಪರಿಹಾರವನ್ನು ತೆಗೆಯುವ ಹೊತ್ತಿಗೇ ಕೊಡಬೇಕು. ಅದು ಕಡ್ಡಾಯದ ಷರತ್ತೆಂದು ಸುಪ್ರೀಂ ಕೋರ್ಟ್ 1960ರ ಹಾಸ್ಪಿಟಲ್ ಮಜ್ದೂರ್ ಸಭಾ ಪ್ರಕರಣದಲ್ಲೇ ಹೇಳಿದೆ. ಹೊಸ ಸಂಹಿತೆ ಇದರ ಮೇಲೆ ಮರುಕೌಶಲ ನಿಧಿಯಿಂದ 15 ದಿನಗಳ ವೇತನವನ್ನು 45 ದಿನಗಳೊಳಗೆ ಖಾತೆಗೆ ಹಾಕಬೇಕೆನ್ನುತ್ತದೆ.

ತಿಂಗಳಿಗೆ 20,000 ರೂಪಾಯಿ ವೇತನದಲ್ಲಿ ಎಂಟು ವರ್ಷ ದುಡಿದವರ ಲೆಕ್ಕ ನೋಡಬಹುದು. ಪರಿಹಾರ 80,000, ನೋಟಿಸ್ ಅವಧಿಯ ಸಂಬಳ 20,000, ಗ್ರಾಚ್ಯುಟಿ ಸುಮಾರು 92,300. ರಾಜೀನಾಮೆ ಕೊಟ್ಟವರಿಗೆ ಗ್ರಾಚ್ಯುಟಿ ಮಾತ್ರ ಉಳಿಯುತ್ತದೆ. ಒಂದು ಸಹಿಗೆ ಒಂದು ಲಕ್ಷ ರೂಪಾಯಿ ಹೋಯಿತು. ಮರುಕೌಶಲ ನಿಧಿಯ ಹಣವೂ ಅದರ ಹಿಂದೆಯೇ ಹೋಯಿತು.

ಒತ್ತಡಕ್ಕೆ ಬರೆದ ರಾಜೀನಾಮೆ ರಾಜೀನಾಮೆಯೇ ಅಲ್ಲವೆಂದು ವಾದಿಸಬಹುದು. ಆದರೆ ಒತ್ತಡವಿತ್ತೆಂದು ತೋರಿಸುವ ಹೊಣೆ ಬರೆದವರ ಮೇಲೆಯೇ ಬೀಳುತ್ತದೆ. ಅಂಗೀಕಾರವಾಗಿ ಜಾರಿಗೆ ಬರುವ ಮುನ್ನ ರಾಜೀನಾಮೆಯನ್ನು ಸಾಮಾನ್ಯವಾಗಿ ಹಿಂಪಡೆಯಬಹುದು. ಕೇಳಿ ಬರೆಸಿಕೊಂಡ ಪತ್ರ ಅದೇ ಸಂಜೆ ಅಂಗೀಕಾರವಾಗುವುದರ ಗುಟ್ಟು ಇದೇ ಇರಬೇಕು. ಹಾಗಾಗಿ ಅಂದೇ ಇಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ನಡೆದದ್ದನ್ನು ಬರೆದು ಕಳಿಸಿದವರ ಮಾತಿಗೆ ಮುಂದೆ ತೂಕ ಬರುತ್ತದೆ. ‘ಯಾವ ಬಾಕಿಯೂ ಇಲ್ಲ’ ಎಂಬ ಸಾಲಿನ ಕೆಳಗೆ ಸಹಿ ಬಿದ್ದ ಮಾತ್ರಕ್ಕೆ ಗ್ರಾಚ್ಯುಟಿ ಹಕ್ಕು ಅಳಿಯುವುದಿಲ್ಲ. ಆದರೂ ಹಣ ಪಡೆಯುವಾಗ ಆಕ್ಷೇಪಣೆಯೊಂದಿಗೆ ಪಡೆದೆ ಎಂದು ಸಹಿಯ ಪಕ್ಕದಲ್ಲೇ ಬರೆಯುವುದು ಲೇಸು.

ಗಣಿಯಲ್ಲಿ ಪ್ರಶ್ನೆ ಇನ್ನೂ ಜಟಿಲ. ಗೋವಾದ ಕಬ್ಬಿಣದ ಅದಿರು ಗಣಿಗಾರಿಕೆ 2012ರಲ್ಲಿ ಒಮ್ಮೆ ನಿಂತಿತು. 2014ರ ಏಪ್ರಿಲ್‌ನಲ್ಲಿ ನಿಷೇಧ ತೆರವಾಯಿತು. 2018ರ ಫೆಬ್ರುವರಿ 7ರಂದು ಸುಪ್ರೀಂ ಕೋರ್ಟ್ 88 ಗುತ್ತಿಗೆಗಳ ನವೀಕರಣ ರದ್ದುಮಾಡಿದ್ದರಿಂದ ಮಾರ್ಚ್ ಮಧ್ಯದಲ್ಲಿ ಮತ್ತೆ ನಿಂತಿತು. ಇಂಥಲ್ಲಿ ಕೋರ್ಟಿನ ಆದೇಶ, ನಾವೇನು ಮಾಡೋಣ ಎಂಬ ಉತ್ತರ ಸುಲಭ. ಸಂಸ್ಥೆ ಮುಚ್ಚಿದರೂ ಪರಿಹಾರ ಕೊಡಬೇಕೆಂದೇ 1947ರ ಕಾಯ್ದೆ ಹೇಳಿತ್ತು. ಮಾಲೀಕರ ಕೈಮೀರಿದ ಕಾರಣವಿದ್ದರೆ ಮಾತ್ರ ಅದಕ್ಕೆ ಮೂರು ತಿಂಗಳ ಸರಾಸರಿ ವೇತನದ ಮಿತಿ. ನಷ್ಟ, ಗುತ್ತಿಗೆ ಅವಧಿಯ ಮುಕ್ತಾಯ, ಅದಿರು ಬರಿದಾದದ್ದು ಇವು ತಾವಾಗಿಯೇ ಅಂಥ ಕಾರಣವಾಗಲಾರವು ಎಂದೂ ಬಿಡಿಸಿ ಹೇಳಿತ್ತು. ಆಗ ನೂರು ಮಂದಿಯಿದ್ದ ಕಾರ್ಖಾನೆ, ಗಣಿಗಳು ಕೆಲಸಗಾರರನ್ನು ತೆಗೆಯಲು ಸರ್ಕಾರದ ಅನುಮತಿ ಪಡೆಯಬೇಕಿತ್ತು. ಈಗ ಆ ಗಡಿ 300. ಕಾರ್ಮಿಕರು ಕಳೆದುಕೊಂಡದ್ದರಲ್ಲಿ ಇದೇ ದೊಡ್ಡದು.

ಅದಿರಿನ ಟಿಪ್ಪರ್ ಓಡಿಸುತ್ತಿದ್ದ ಚಾಲಕರು, ಕ್ಲೀನರ್‌ಗಳಿಗಂತೂ ಎಚ್‌ಆರ್ ಎಂಬುದೇ ಇರಲಿಲ್ಲ. ಅವರ ಧಣಿ ಲಾರಿಯ ಮಾಲೀಕ. ಉತ್ತರ ಕರ್ನಾಟಕದಿಂದ ಹೋಗಿ ವಾಸ್ಕೋದ ಬೈನಾ, ಜುವಾರಿನಗರಗಳಲ್ಲಿ ನೆಲೆಸಿದವರಲ್ಲೂ ಗುತ್ತಿಗೆದಾರರ ಕೈಕೆಳಗೆ ದುಡಿಯುವವರು ಕಡಿಮೆಯೇನಿಲ್ಲ. ಕಂಪನಿಯ ಎಚ್‌ಆರ್ ಇಂಥವರನ್ನು ತಮ್ಮವರಲ್ಲ ಎಂದು ಸಾಗಹಾಕುವುದುಂಟು. ಅದು ಅರ್ಧ ಸತ್ಯ. ಗುತ್ತಿಗೆದಾರ ಕೂಲಿ ಉಳಿಸಿಕೊಂಡರೆ ತೀರಿಸುವ ಹೊಣೆ ಮೂಲ ಮಾಲೀಕರದು. ಗೇಟ್ ಪಾಸ್, ಹಾಜರಿ ಚೀಟಿ, ಪಿಎಫ್ ಪಾಸ್‌ಬುಕ್ ಇಲ್ಲಿ ನೇಮಕಾತಿ ಪತ್ರದಷ್ಟೇ ಬೆಲೆಬಾಳುತ್ತವೆ.

ಬಾಕಿ ವೇತನವನ್ನು ವೇತನ ಸಂಹಿತೆಯ ಪ್ರಕಾರ ಎರಡು ಕೆಲಸದ ದಿನಗಳಲ್ಲಿ, ಗ್ರಾಚ್ಯುಟಿಯನ್ನು 30 ದಿನಗಳಲ್ಲಿ ಕೊಡಬೇಕು. ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ ಎರಡು ತಿಂಗಳ ನಂತರ ಸದಸ್ಯರೇ ಆನ್‌ಲೈನ್‌ನಲ್ಲಿ ನಮೂದಿಸಬಹುದು.

ಮಾತುಕತೆ ಮುರಿದರೆ ಕಾರ್ಖಾನೆ ಕಾರ್ಮಿಕರ ದೂರು ಪಣಜಿಯ ಪಾಟೋದಲ್ಲಿರುವ ರಾಜ್ಯ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗುತ್ತದೆ. ಗಣಿ ಕೇಂದ್ರದ ವ್ಯಾಪ್ತಿಗೆ ಸೇರಿದ್ದು. ಅದಕ್ಕೆ ವಾಸ್ಕೋದ ಕೇಂದ್ರ ಸಹಾಯಕ ಕಾರ್ಮಿಕ ಆಯುಕ್ತರಿದ್ದಾರೆ. ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಹಿಂದೆ ಮೂರು ವರ್ಷವಿದ್ದ ಕಾಲಮಿತಿ ಈಗ ಎರಡಕ್ಕೆ ಇಳಿದಿದೆ. ಮ್ಯಾನೇಜರ್ ದರ್ಜೆಯವರು, 18,000 ರೂಪಾಯಿಗಿಂತ ಹೆಚ್ಚು ವೇತನದ ಸೂಪರ್‌ವೈಸರ್‌ಗಳು ಈ ದಾರಿಯ ಹೊರಗಿದ್ದಾರೆ. ನೇಮಕಾತಿ ಪತ್ರದ ಷರತ್ತುಗಳನ್ನು ಹಿಡಿದು ಅವರು ಸಿವಿಲ್ ಕೋರ್ಟಿಗೇ ಹೋಗಬೇಕು.