ಮೊದಲು ಸತ್ಯ, ಬಳಿಕ ಧ್ಯಾನ

ವೆಸ್ಟ್ ಮಾಂಬಲಂನ ನಮ್ಮ ಕನ್ನಡ ಬಾಂಧವರಲ್ಲಿ ಕೆಲವರು ಹದಿಹರೆಯದ ಮಕ್ಕಳನ್ನು ಬೌದ್ಧ ಧ್ಯಾನ ಶಿಬಿರಗಳಿಗೆ ಕಳುಹಿಸಲು ಉತ್ಸುಕರಾಗಿರುವುದು ಸಂತೋಷದ ಸಂಗತಿ. ಆದರೆ ಪರೀಕ್ಷೆಯ ಅಂಕಗಳು ಹೆಚ್ಚಲೆಂಬುದೊಂದೇ ಅದರ ಉದ್ದೇಶವಾಗುವುದನ್ನು ನಾವು ಒಪ್ಪಲಾರೆವು. ಬುದ್ಧನು ಸ್ವಂತ ಮಗನಾದ ರಾಹುಲನಿಗೆ ಬೋಧಿಸಿದ ಕ್ರಮವು ‘ಮಜ್ಝಿಮ ನಿಕಾಯ’ದಲ್ಲಿದೆ. ಮೊದಲು ನೀರಿನ ಪಾತ್ರೆಯನ್ನು ಬರಿದು ಮಾಡಿ ತೋರಿಸಿ, ತಿಳಿದೂ ಸುಳ್ಳಾಡಲು ನಾಚದವನ ಸಾಧನೆಯು ಇಷ್ಟೇ ಬರಿದೆಂದು ಮನಗಾಣಿಸಿದನು. ಉಸಿರಿನ ಮೇಲೆ ಮನಸ್ಸಿಡುವ ಆನಾಪಾನವನ್ನು ಕಲಿಸಿದ್ದು ಅನಂತರ. ಆಗ ರಾಹುಲನಿಗೆ 18 ವರ್ಷವೆಂದು ಪಾಲಿ ವ್ಯಾಖ್ಯಾನವು ಹೇಳುತ್ತದೆ. ಬಾಕಿ ಕೇಳಬಂದವರಿಗೆ ‘ಅಪ್ಪ ಮನೆಯಲ್ಲಿಲ್ಲ’ವೆಂದು ಮಗನ ಬಾಯಿಂದಲೇ ಹೇಳಿಸಿ, ಮರುದಿನ ಅವನನ್ನು ಶಿಬಿರಕ್ಕೆ ಕಳುಹಿಸಿದರೆ ಫಲವೇನು? ಕಣ್ಣು ಮುಚ್ಚಿ ಕುಳಿತವನಿಗೆ ಮೊದಲು ಕಾಣುವುದು ಆ ಸುಳ್ಳೇ. ಮೊದಲ ಪಾಠವು ಮನೆಯಲ್ಲಾಗಲಿ. ಅದಕ್ಕೆ ಹೆತ್ತವರೇ ಗುರುಗಳು.