ಗಡಿ ಮುಚ್ಚಿದ್ದು ಯಾರಿಗೆ?

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿ ನಿರಪರಾಧಿಗಳ ಕೊಲೆಯಾಯಿತು. ಕೊಂದವರಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ನಮಗೆ ಎರಡನೆಯ ಮಾತಿಲ್ಲ. ಆದರೆ ಮರುದಿನವೇ ದಿಲ್ಲಿ ಸರ್ಕಾರ ಮಾಡಿದ್ದೇನು? ಅಟಾರಿಯ ಗೇಟು ಮುಚ್ಚಿ, ವೀಸಾ ರದ್ದು ಮಾಡಿತು. ಪಾಕಿಸ್ತಾನದ ಸರ್ಕಾರವೂ ತಾನೇನು ಕಡಿಮೆ ಎಂದು ವಾಘಾ ಮುಚ್ಚಿತು. ಆ ಗೇಟಿನ ಮುಂದೆ ಅತ್ತವರು ಯಾರು? ಅತ್ತ ಮದುವೆಯಾಗಿ ಹೋಗಿ, ಹೆತ್ತವರನ್ನು ನೋಡಲು ತವರಿಗೆ ಬಂದಿದ್ದ ಹೆಣ್ಣುಮಕ್ಕಳು. ಮಕ್ಕಳ ಪಾಸ್‌ಪೋರ್ಟು ಪಾಕಿಸ್ತಾನದ್ದು, ತಾಯಿಯದು ಭಾರತದ್ದು. ಮಕ್ಕಳು ಹೋಗಬಹುದು, ತಾಯಿ ಹೋಗಕೂಡದು ಎಂದು ತಡೆದರು. ಎಲ್ಲೋ ಪಂಜಾಬಿನ ಸಂಗತಿ, ನಮಗೇನು ಎನ್ನಬೇಡಿ. ನಮ್ಮ ಭಟ್ಕಳದ ಮನೆಗಳಿಗೂ ಕರಾಚಿಯ ನೆಂಟಸ್ತಿಕೆಯಿದೆ.

ದೇಶದ ರಕ್ಷಣೆಗಾಗಿ ಎನ್ನುತ್ತಾರೆ. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ಬಿದ್ದ ಹತ್ತು ಮಂದಿ ಯಾವ ಗೇಟಿನಲ್ಲಿ ರಹದಾರಿ ತೋರಿಸಿದ್ದರು? ಅವರು ಬಂದದ್ದು ಕದ್ದ ದೋಣಿಯಲ್ಲಿ. ಅವರಿಗಾಗಿ ಮುಂಚೆಯೇ ಬಂದು ಊರು ಅಳೆದುಕೊಂಡು ಹೋದ ಹೆಡ್ಲಿಯ ಕೈಯಲ್ಲಿದ್ದದ್ದು ಅಮೇರಿಕದ ಪಾಸ್‌ಪೋರ್ಟು, ಅದರ ಮೇಲೆ ನಮ್ಮದೇ ವೀಸಾ! ಕೊಲೆಗಡುಕನಿಗೆ ಕಾಣದ ಗೋಡೆ, ಅಜ್ಜಿಯನ್ನು ನೋಡಲು ಹೊರಟ ಮಗುವಿಗೆ ಮಾತ್ರ ಕಾಣುತ್ತದೆ.

ಈ ಗೋಡೆ ದೇಶ ಒಡೆದ ದಿನವೇ ಎದ್ದದ್ದಲ್ಲ. ಪಶ್ಚಿಮದ ಕಡೆ ಪರವಾನಗಿ ಪದ್ಧತಿ ಬಂದದ್ದು 1948ರ ಜುಲೈಯಲ್ಲಿ. ಪೂರ್ವ ಬಂಗಾಳದ ಗಡಿಯಲ್ಲಂತೂ 1952ರ ಅಕ್ಟೋಬರ್ ತನಕ ಪಾಸ್‌ಪೋರ್ಟೇ ಬೇಕಿರಲಿಲ್ಲ. ಆಮೇಲೆ ಕಾಗದದ ಮೇಲೆ ಕಾಗದ. ಇಡೀ ದೇಶಕ್ಕೆ ವೀಸಾ ಇಲ್ಲ, ಹೆಸರಿಸಿದ ಊರುಗಳಿಗೆ ಮಾತ್ರ. ಊರು ಮುಟ್ಟಿದೊಡನೆ ಪೋಲೀಸು ಠಾಣೆಗೆ ಹಾಜರಿ.

ಇದನ್ನು ಸಡಿಲಿಸುತ್ತೇವೆಂದು ಎರಡೂ ಸರ್ಕಾರಗಳು 2012ರ ಸೆಪ್ಟೆಂಬರಿನಲ್ಲಿ ಇಸ್ಲಾಮಾಬಾದಿನಲ್ಲಿ ಒಂದು ಕರಾರಿಗೆ ರುಜು ಹಾಕಿದವು. ಅಂಗಡಿಯವರು ಈ ಕರಾರನ್ನು ಗಮನವಿಟ್ಟು ಓದಬೇಕು. ಪಾಕಿಸ್ತಾನಿ ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ 5 ಲಕ್ಷ ಆದಾಯ ಅಥವಾ 30 ಲಕ್ಷ ವಹಿವಾಟಿರುವ ವ್ಯಾಪಾರಿಗೆ ಐದು ಊರು, ನಾಲ್ಕು ಸಲ ಪ್ರವೇಶ. 50 ಲಕ್ಷ ಆದಾಯ ಅಥವಾ 3 ಕೋಟಿ ವಹಿವಾಟಿನ ಧಣಿಗೆ ಹತ್ತು ಊರು, ಎಷ್ಟು ಸಲ ಬೇಕಾದರೂ ಪ್ರವೇಶ, ಠಾಣೆಯ ಹಾಜರಿಯೂ ಇಲ್ಲ! 65 ದಾಟಿದ ಮುದುಕರಿಗೂ 12 ತುಂಬದ ಮಕ್ಕಳಿಗೂ ಹಾಜರಿ ಬಿಟ್ಟರು, ಅಷ್ಟು ಪುಣ್ಯ. ಆದರೆ ನಡುಪ್ರಾಯದ ಮಿಲ್ಲು ಕೆಲಸಗಾರ ಸತ್ತ ತಮ್ಮನ ಮನೆಗೆ ಹೋದರೂ ಠಾಣೆಯ ಬಾಗಿಲಲ್ಲಿ ನಿಲ್ಲಬೇಕು. 3 ಕೋಟಿ ವಹಿವಾಟಿದ್ದರೆ ಮನುಷ್ಯ ಅಪಾಯಕಾರಿಯಲ್ಲ ಎಂಬುದನ್ನು ಯಾವ ಪೋಲೀಸು ಶಾಸ್ತ್ರದಲ್ಲಿ ಕಂಡುಕೊಂಡರೋ!

ಆ ಕೆಲಸಗಾರ ಹೋಗುತ್ತಿದ್ದದ್ದಾದರೂ ರೈಲಿನಲ್ಲಿ. ಅಟಾರಿಯ ಸಮಝೌತಾ ಗಾಡಿ 1976ರಲ್ಲಿ ಹೊರಟದ್ದು. ರಾಜಸ್ಥಾನದ ಮುನಾಬಾವ್ ಮಾರ್ಗ 1965ರ ಯುದ್ಧದಲ್ಲಿ ನಿಂತು, 41 ವರ್ಷದ ಮೇಲೆ, 2006ರಲ್ಲಿ ತೆರೆಯಿತು. 2019ರ ಆಗಸ್ಟಿನಲ್ಲಿ ಎರಡೂ ನಿಂತವು. ವಿಮಾನದ ದುಡ್ಡಿದ್ದವರು ದುಬೈ ಸುತ್ತಿ ಹೋದರು. ಸರಕಿನ ಕತೆಯೂ ಅದೇ. 2019ರ ಫೆಬ್ರುವರಿಯಲ್ಲಿ ಪಾಕಿಸ್ತಾನದ ಮಾಲಿಗೆ ನೂರಕ್ಕೆ 200ರಂತೆ ಸುಂಕ ಬಿತ್ತು. ಅಟಾರಿಯ ಹಮಾಲರ ಕೂಲಿ ಹೋಯಿತು. ಪರೋಕ್ಷವಾಗಿಯೂ ತರಕೂಡದೆಂದು 2025ರ ಮೇ 2ರಂದು ಬೇರೆ ಆಜ್ಞೆ ಹೊರಡಿಸಬೇಕಾಯಿತೆಂದರೆ ನಡುವೆ ಆರು ವರ್ಷ ಸುತ್ತುದಾರಿಯಲ್ಲಿ ಲಾಭ ಹೊಡೆದವರು ಯಾರು? (ನಿಮ್ಮ ಅಂಗಡಿಯ ಸೈಂಧವ ಲವಣದ ಹೆಸರೇ ಸಿಂಧೂ ದೇಶದ್ದು ಸ್ವಾಮಿ. ಹೆಸರಿಗೆ ಇನ್ನೂ ಯಾರೂ ವೀಸಾ ಕೇಳಿಲ್ಲ.)

ಇನ್ನೊಂದು ಗಡಿ ನೋಡಿ. ನೇಪಾಳದೊಡನೆ 1950ರ ಜುಲೈ 31ರ ಒಪ್ಪಂದವಿದೆ. ರಕ್ಸೌಲಿನಲ್ಲಿ ಗಡಿ ದಾಟುವ ಕೂಲಿಗೆ ಪಾಸ್‌ಪೋರ್ಟೂ ಬೇಡ, ವೀಸಾವೂ ಬೇಡ. 1999ರ ಡಿಸೆಂಬರಿನಲ್ಲಿ ಕಾಠ್ಮಂಡುವಿನಿಂದ ಹೊರಟ ನಮ್ಮ ವಿಮಾನವನ್ನೇ ಅಪಹರಿಸಿದರು. ಆಗ ವಿಮಾನದವರಿಗೆ ಗುರುತಿನ ಚೀಟಿ ಕಡ್ಡಾಯ ಮಾಡಿದರೇ ಹೊರತು, ರಕ್ಸೌಲಿನ ಕೂಲಿಯ ಹೊಟ್ಟೆಗೆ ಹೊಡೆಯಲಿಲ್ಲ. ಅದು ವಿವೇಕ. ಆ ವಿವೇಕ ಪಶ್ಚಿಮದ ಗಡಿಗೆ ಬಂದಾಗ ಎಲ್ಲಿ ಅಡಗುತ್ತದೆ?

ನಾಳೆಯೇ ಪಾಕಿಸ್ತಾನದ ಗಡಿಯನ್ನು ನೇಪಾಳದ ಗಡಿ ಮಾಡಿ ಎಂದು ನಾವು ಕೇಳುತ್ತಿಲ್ಲ. ತಪಾಸಣೆ ಮಾಡಲಿ, ಎರಡು ಸಲ ಮಾಡಲಿ. ಆದರೆ ಯಾವ ಸಿಟ್ಟಿನಲ್ಲಿ ಯಾವ ಆಜ್ಞೆ ಹೊರಡಿಸಿದರೂ ತಾಯಿ ಮಕ್ಕಳನ್ನು ಗೇಟಿನಲ್ಲಿ ಬೇರ್ಪಡಿಸಕೂಡದು. ಠಾಣೆಯ ಹಾಜರಿ ಇದ್ದರೆ ಕೋಟಿಯವನಿಗೂ ಇರಲಿ, ಇಲ್ಲದಿದ್ದರೆ ಕೂಲಿಯವನಿಗೂ ಬೇಡ. ಮುಂದಿನ ಸಲ ಲೋಕಸಭೆಯ ಉಮೇದುವಾರರು ನಿಮ್ಮ ಮಿಲ್ಲಿನ ಗೇಟಿಗೆ ಬಂದಾಗ, ಆ 2012ರ ಕರಾರಿನ ವಿಷಯವೆತ್ತಿ, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಹತ್ತು ಜನರೆದುರು ಕೇಳಿ.